ಏಳನೇ ಮಂಚದಲ್ಲಿ ಯಾರಿದ್ದಾರೆ

ನವೆಂಬರ್ 4, ಮಂಗಳವಾರ

ಮನೆಯವರು ಮಲಗಿದ ಮೇಲೆ ಬರೆಯಲು ಕೂತಿದ್ದೇನೆ. ಹೊನ್ನಾವರದ ಈ ಟ್ರಸ್ಟ್ ಆಸ್ಪತ್ರೆಯಲ್ಲಿ ಜನರಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಎಂದು ಎಲ್ಲರ ಮೇಲೂ ಜೋರು ಮಾಡುತ್ತೇನೆ. ಒಳಗೆ ನಾನೆಂಥ ಪುಕ್ಕಲಿ ಎಂಬುದು ಈ ಪುಸ್ತಕಕ್ಕೆ ಮಾತ್ರ ಗೊತ್ತು.

ಏಳನೇ ಮಂಚದ ಮುದುಕ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬೆವರತೊಡಗಿದ. ಚೌಡ ಎಂದು ಹೆಸರು, ನಮ್ಮ ಹಳದೀಪುರದ ಕಡೆಯವನೇ, ತರಕಾರಿ ಬೆಳೆಯುತ್ತಾನೆ. ಜ್ವರ, ಕಫ ಎಂದು ಸೇರಿದ್ದವನು ಗುಣವಾಗಿ ನಾಡಿದ್ದು ಮನೆಗೆ ಹೋಗಬೇಕಿತ್ತು. ಮಾತು ತೊದಲಿತು, ಕಣ್ಣು ಮೇಲಾಯಿತು, ಆಮೇಲೆ ಸೆಳವು ಶುರುವಾಯಿತು. ದಿವಾಕರ ಡಾಕ್ಟರು ಓಡಿ ಬಂದು ಹಾರ್ಟ್ ಎಂದರು, ಇಸಿಜಿ ಎಂದರು, ಲಕ್ವವಿರಬೇಕು ಎಂದರು. ಶುಗರ್ ನೋಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಸಕ್ಕರೆ ಕಾಯಿಲೆಯೇ ಇಲ್ಲದವನಿಗೆ ಯಾರು ನೋಡುತ್ತಾರೆ? ಕೊನೆಗೆ ನೋಡಿದಾಗ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದೆವು. ಉಸಿರು ಉಳಿಯಿತು, ಎಚ್ಚರ ಪೂರ್ತಿ ಬರಲಿಲ್ಲ. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದರು.

ಸ್ಟ್ರೆಚರ್ ಹೊರಡುವಾಗ ಅವನ ಹೆಂಡತಿ ತಿಮ್ಮಿ ಅವನ ಎರಡೂ ಕಾಲು ಹಿಡಿದುಕೊಂಡು, "ನಂದೇ ತಪ್ಪು, ನಂದೇ ತಪ್ಪು" ಎಂದು ಗೋಳಾಡಿದಳು. ಗಂಡನಿಗೆ ಹೀಗಾದಾಗ ಹೆಂಗಸರು ಹಾಗೆಯೇ ಅಳುತ್ತಾರೆ. ನಾನು ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದೆ.

ಆಮೇಲೆ ದೀಕ್ಷಾ ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು. ಬೆಳಗಿನ ಪಾಳಿಯ ನರ್ಸು, ಕತಗಾಲದ ಹುಡುಗಿ, ರಜೆ ಮುಗಿಸಿ ಇವತ್ತಷ್ಟೇ ಕೆಲಸಕ್ಕೆ ಬಂದವಳು. ಹೆದರಿಕೆಗೆ ಮನೆಮಾತೇ ಬಾಯಿಗೆ ಬಂತು. "ಅಕ್ಕಾ, ಏಳನೇ ನಂಬರಿಗೆ ಇನ್ಸುಲಿನ್ ಕೊಟ್ಟೆ. ಫೈಲಲ್ಲಿ ಹಂಗೇ ಇದ್ದು. ಬೇರೆ ಎಂತದೂ ಯಂಗೆ ಗೊತ್ತಿಲ್ಲೆ."

"ಯಾರಾದ್ರೂ ನೋಡಿದ್ರಾ?" ಎಂದು ಕೇಳಿದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದು.

ನವೆಂಬರ್ 5, ಬುಧವಾರ

ನಮ್ಮ ವಾರ್ಡಿನಲ್ಲಿ ಮಂಚಗಳು ಎರಡು ಸಾಲು. ದಕ್ಷಿಣದ ಗೋಡೆಯ ಸಾಲು ಮೊದಲು ತುಂಬುತ್ತದೆ. ಉತ್ತರದ ಗೋಡೆಯ ಸಾಲು ಯಾರಿಗೂ ಬೇಡ, ಅಲ್ಲಿ ಮಲಗಿದರೆ ತಲೆ ಉತ್ತರಕ್ಕೆ ಬರುತ್ತದೆ. ಹೆಣವನ್ನು ಮಲಗಿಸುವ ಹಾಗೆ ರೋಗಿಯನ್ನು ಮಲಗಿಸಲು ಮನೆಯವರು ಒಪ್ಪುವುದಿಲ್ಲ. ಕೆಲವರು ದಿಂಬನ್ನು ಕಾಲಿನ ಕಡೆ ಹಾಕುತ್ತಾರೆ, ಕೆಲವರು ಎದುರು ಸಾಲಿನವರನ್ನು ಬೇಡಿಕೊಂಡು ಮಂಚ ಬದಲಾಯಿಸುತ್ತಾರೆ. ಇದು ಕಳ್ಳತನವೇನಲ್ಲ. ಆಯಾಗೆ ಗೊತ್ತು, ಡಾಕ್ಟರಿಗೆ ಗೊತ್ತು. ದಿವಾಕರ ಡಾಕ್ಟರೇ ತಮ್ಮ ತಾಯಿ ಇಲ್ಲಿದ್ದಾಗ ದಿಂಬು ತಿರುಗಿಸಿ ಹಾಕಿಸಿದ್ದರು. ನನಗೂ ಗೊತ್ತು, ಆ ಸಾಲಿನಲ್ಲಿ ಮಲಗು ಎಂದರೆ ನಾನೂ ಮಲಗಲಾರೆ.

ಸೋಮವಾರ ಸಂಜೆ ಏಳನೇ ಮಂಚಕ್ಕೆ ಬಂದವರು ಅಂಗಡಿಯ ಮಹಾಗಣಪತಿ. ಸಕ್ಕರೆ ಕಾಯಿಲೆ, ಕಾಲಿನ ಗಾಯ. ಅವರ ಮನೆಯವರು ಗಲಾಟೆ ಮಾಡಿ ಎದುರು ಸಾಲಿನ ಹನ್ನೆರಡರಲ್ಲಿದ್ದ ಚೌಡನನ್ನು ಇತ್ತ ಕಳಿಸಿದರು. ಮನುಷ್ಯರು ಬದಲಾದರು, ಮಂಚಕ್ಕೆ ನೇತುಹಾಕಿದ ಫೈಲು ಬದಲಾಗಲಿಲ್ಲ. ರಾತ್ರಿ ಪಾಳಿಯ ಸಿಸ್ಟರ್ ಬೆಳಿಗ್ಗೆ ಬಾಯಿಮಾತಿನಲ್ಲಿ ಹೇಳಬೇಕಿತ್ತು. ಕುಮಟಾ ಬಸ್ಸು ಬಂತೆಂದು ಓಡಿದಳು. ದೀಕ್ಷಾ ಬಂದು, "ಏಳನೇ ನಂಬರ್, ಇಂಜೆಕ್ಷನ್" ಎಂದಳು. ಹಿಂದಿನ ಸಂಜೆಯಿಂದ ಎಲ್ಲರೂ ತನ್ನನ್ನು ಏಳು ಎಂದೇ ಕರೆಯುತ್ತಿದ್ದಾರೆ, ಪಾಪ, ಮುದುಕ ಕೈ ನೀಡಿದ.

ಅಡ್ಮಿನಿಸ್ಟ್ರೇಟರ್ ಭಾಸ್ಕರ ಸರ್ ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಹಾರ್ಟ್ ವೀಕ್ ಇತ್ತು. ಅಷ್ಟೇ. ಹೊರಗೆ ಒಂದು ಮಾತು ಹೋದ್ರೆ ನಾಳೆ ಗಾಜು ಒಡೀತಾರೆ, ಪೊಲೀಸು ಬರ್ತಾರೆ. ಮೊದಲು ಹೋಗೂದು ಯಾರು ಗೊತ್ತಲ್ಲ, ಮಾಲಿನಿ ಸಿಸ್ಟರ್?" ಗೊತ್ತು ಎಂದೆ. ದಿವಾಕರ ಡಾಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು.

ನವೆಂಬರ್ 6, ಗುರುವಾರ

ಗೇಟಿನ ಹತ್ತಿರ ನಾಲ್ಕು ಜನ ನಿಂತಿದ್ದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಇವತ್ತು ಬಂದವರು ಪೇಂಟಿಂಗಿನವರು.

ನವೆಂಬರ್ 10, ಸೋಮವಾರ

ದೀಕ್ಷಾಳನ್ನು ಮನೆಗೆ ಕಳಿಸಿದರು. ರಜೆ ಎಂದು ಹೆಸರು, ವಾಪಸು ಕರೆಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ. ಹೋಗುವಾಗ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ.

ವಾರ್ಡಿನ ಬಾಗಿಲಿಗೆ ನೋಟೀಸು ಬಿದ್ದಿದೆ. ರೋಗಿಗಳು ಮಂಚ ಬದಲಾಯಿಸುವಂತಿಲ್ಲ, ಬದಲಾಯಿಸಿದರೆ ಪಾಳಿಯ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲಾಗುವುದು. ಭಾಸ್ಕರ ಸರ್ ಅದನ್ನು ದೂರದಿಂದೊಮ್ಮೆ ಹತ್ತಿರದಿಂದೊಮ್ಮೆ ಓದಿ, "ಇನ್ನು ಆಗೂದಿಲ್ಲ, ಬಿಡಿ" ಎಂದರು. ನನಗೂ ಸಮಾಧಾನವೇ ಆಯಿತು, ಸುಳ್ಳು ಯಾಕೆ ಬರೆಯಲಿ.

ನವೆಂಬರ್ 14, ಶುಕ್ರವಾರ

ಬಸ್ಸಿನಲ್ಲಿ ತಿಮ್ಮಿ ಇದ್ದಳು. ಹಳದೀಪುರದ ಸ್ಟಾಪಿನಲ್ಲಿ ಬದನೆ, ಹರಿವೆ ಸೊಪ್ಪಿನ ಬುಟ್ಟಿಯ ಜೊತೆ ಹತ್ತಿದಳು. ಹೊನ್ನಾವರ ಪೇಟೆಗೆ ಅವಳು ಹೊರುವುದು ಮೊದಲಿನಿಂದಲೂ ಇದೆಯಂತೆ, ನಾನೇ ಗಮನಿಸಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತಳು. ಬಸ್ಸಿನಲ್ಲಿ ಯಾರಾದರೂ ನರ್ಸಿಗೆ ಎದ್ದು ನಿಲ್ಲುತ್ತಾರೆಯೇ?

"ಮನೀಗ್ ಬಂದ್ರು ಬಾಯೋರೆ," ಎಂದಳು. "ಜೀವ ಉಳೀತು. ಬಲಗೈ ಎತ್ತೂಕಾಗೂದಿಲ್ಲ. ಮಾತು ಸಮಾ ತಿಳೀದಿಲ್ಲ. ನೀವೆಲ್ಲ ಓಡಿ ಬಂದಿ ಉಳ್ಸ್ಕೊಟ್ರಿ."

ಬುಟ್ಟಿಯಿಂದ ಒಂದು ಕಟ್ಟು ಹರಿವೆ ತೆಗೆದು ನನ್ನ ಮಡಿಲಿಗೆ ಇಟ್ಟಳು. ಆಸ್ಪತ್ರೆಯಲ್ಲಿ ಆಯಾ ನಾಗುವಿಗೆ ಕೊಟ್ಟುಬಿಟ್ಟೆ. ನನ್ನ ಮನೆಯ ಒಲೆಯ ಮೇಲೆ ಅದು ಬೇಯುವುದನ್ನು ನೋಡಲು ನನ್ನಿಂದಾಗದು.

ನವೆಂಬರ್ 17, ಸೋಮವಾರ

ಈಗ ಒಂದು ಬಸ್ಸು ಮೊದಲು ಹೋಗುತ್ತೇನೆ. ಮನೆಯಲ್ಲಿ ಇವರು ಕಾರಣ ಕೇಳಿದರು. ರಶ್ ಇರುವುದಿಲ್ಲ ಎಂದೆ. ನಿಜಕ್ಕೂ ಈ ಬಸ್ಸಿನಲ್ಲೇ ಕಾಲಿಡಲು ಜಾಗವಿರುವುದಿಲ್ಲ.

ನವೆಂಬರ್ 20, ಗುರುವಾರ

ಕುಮಟಾದಲ್ಲಿ ತರಬೇತಿ. ರೋಗಿ ಸುರಕ್ಷತೆ ಎಂದು ಬ್ಯಾನರ್. ಭಾಸ್ಕರ ಸರ್ ನನ್ನನ್ನೇ ಕಳಿಸಿದರು. ಬೇರೆ ಯಾರಾದರೂ ಹೋದರೆ ಬಾಯಿ ಬಿಟ್ಟಾರು ಎಂಬ ಭಯವಿರಬೇಕು, ನಾನು ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿದೆ.

ತರಬೇತಿ ಕೊಡುವಾತ, ತಪ್ಪಾದಾಗ ಯಾರು ಎಂದು ಕೇಳಬೇಡಿ, ಹೇಗೆ ಎಂದು ಕೇಳಿ ಎಂದರು. ಏಸಿ ಹಾಲಿನಲ್ಲಿ ನಿಂತು ಹೇಳುವುದು ಸುಲಭ. ಗೇಟಿನಲ್ಲಿ ಜನ ಸೇರಿದಾಗ ಇವರು ಬರುತ್ತಾರಾ?

ಊಟಕ್ಕೆ ವಿನುತಾ ಸಿಕ್ಕಳು. ನರ್ಸಿಂಗ್ ಓದುವಾಗ ನನ್ನ ರೂಮ್‌ಮೇಟ್, ಈಗ ಭಟ್ಕಳದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಅವರಲ್ಲಿ ಪ್ರತಿ ಗುರುವಾರ ಚಹಾದ ಹೊತ್ತಿಗೆ ಎಲ್ಲರೂ ಕೂತು, ಆ ವಾರ ತಪ್ಪಿದ್ದೋ ತಪ್ಪಲಿಕ್ಕೆ ಹೋಗಿ ಉಳಿದದ್ದೋ ಒಂದನ್ನು ಹೇಳಬೇಕಂತೆ. ಹೇಳಿದವರನ್ನು ಬೈಯುವ ಹಾಗಿಲ್ಲ. ಮೊದಲು ಹೇಳುವುದು ದೊಡ್ಡ ಡಾಕ್ಟರೇ.

"ಸುಳ್ಳು ಹೇಳ್ಬೇಡ," ಎಂದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಮೊದಲ್ನೇ ತಿಂಗಳು ಯಾರೂ ಬಾಯಿ ಬಿಡ್ಲಿಲ್ಲ ಮಾರಾಯ್ತಿ, ಬರೀ ಬಿಸ್ಕೀಟು ಖರ್ಚಾಯ್ತು," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, "ನಿಮ್ಮಲ್ಲಿ ಎಂತ ಆತು?" ಎಂದು ಕೇಳಿದಳು.

ಎಂತ ಆಗೂದು, ಎಂದೆ. ತಟ್ಟೆ ತೊಳೆಯಲು ಎದ್ದೆ.

ನವೆಂಬರ್ 25, ಮಂಗಳವಾರ

ಇವತ್ತು ನನ್ನ ಕೈಯಿಂದಲೇ ಆಗುತ್ತಿತ್ತು.

ಒಂಬತ್ತನೇ ಮಂಚ. ಅದೂ ಉತ್ತರದ ಸಾಲೇ. ಫೈಲು ನೋಡಿದೆ, ಇಂಜೆಕ್ಷನ್ ತುಂಬಿಸಿದೆ, ತೋಳಿಗೆ ಸ್ಪಿರಿಟ್ ಒರೆಸಿದೆ. ಆ ಮನುಷ್ಯ, "ಇದ್ ಎಂತದ್ರಾ? ಪೆನ್ಸಿಲಿನ್ ಜಾತೀದು ನಂಗೆ ಆಗೂದಿಲ್ಲ. ಒಂದ್ಸಲ ಉಸ್ರೇ ನಿಂತ್ಹೋಗಿತ್ತು," ಎಂದ. ಸೂಜಿಯಲ್ಲಿದ್ದದ್ದು ಅದೇ ಜಾತಿಯದು, ಫೈಲಿನಲ್ಲಿ ಅಂಥ ಎಚ್ಚರಿಕೆಯೇನೂ ಇರಲಿಲ್ಲ. ಹೆಸರು ಕೇಳಿದೆ. ಗಣಪ ಎಂದ. ಗಣಪ ಹದಿನಾಲ್ಕರಲ್ಲಿ ಇರಬೇಕಾದವನು.

ಸೂಜಿ ಟ್ರೇಯಲ್ಲಿಟ್ಟು ನಾಗುವನ್ನು ಹೊರಗೆ ಕರೆದೆ. ನಿನ್ನೆ ಸಂಜೆಯೇ ಮಂಚ ಬದಲಾಗಿತ್ತಂತೆ. ಅವಳಿಗೂ ಗೊತ್ತು, ರಾತ್ರಿಯ ಸಿಸ್ಟರಿಗೂ ಗೊತ್ತು.

"ನಂಗ್ಯಾಕೆ ಹೇಳ್ಲಿಲ್ಲ?"

"ಮೊದ್ಲು ಹೇಳ್ತಿದ್ವಲ್ರಾ ಅಮ್ಮ. ಈಗ ಹೇಳಿದ್ರೆ ಯಾರ್ದಾದ್ರೂ ಕೆಲ್ಸ ಹೋತದೆ. ಗೋಡೆ ಮೇಲೆ ಬರ್ದಿ ಹಾಕೀರಲ್ಲ."

ನೋಟೀಸು ಹಾಕಿದ ಮೇಲೆ ಮಂಚ ಬದಲಾಗುವುದು ನಿಂತಿಲ್ಲ. ನಮಗೆ ಹೇಳುವುದು ಮಾತ್ರ ನಿಂತಿದೆ. ಎಷ್ಟು ದಿನದಿಂದ ನಾವು ಯಾರಿಗೆ ಏನು ಕೊಡುತ್ತಿದ್ದೇವೋ.

ನವೆಂಬರ್ 26, ಬುಧವಾರ

ಮನೆಗೆ ಬಂದರೂ ಮಂಚಗಳೇ ಕಣ್ಣ ಮುಂದೆ. ಆರರಲ್ಲಿ ಆ ಅಜ್ಜಿಯೇ ಇದ್ದಾಳಾ? ಎಂಟರಲ್ಲಿ? ಅನ್ನಕ್ಕೆ ಉಪ್ಪು ಎರಡು ಸಲ ಹಾಕಿದೆ. ಇವರು ಮಜ್ಜಿಗೆ ಬೆರೆಸಿಕೊಂಡು ಉಂಡರು.

ನವೆಂಬರ್ 28, ಶುಕ್ರವಾರ

ಭಾಸ್ಕರ ಸರ್ ಹತ್ತಿರ ಗಣಪನ ವಿಷಯ ಹೇಳಿದೆ. ಹೇಳುವ ಮೊದಲು ಬಾತ್‌ರೂಮಿಗೆ ಎರಡು ಸಲ ಹೋಗಿಬಂದೆ.

"ಆಗ್ಲಿಲ್ಲ ಅಲ್ವಾ? ಮತ್ತೆಂತಕ್ಕೆ ಎತ್ತೂದು?" ಎಂದರು. ಮಂಚಗಳನ್ನು ಗೋಡೆಗೆ ಉದ್ದಕ್ಕೆ, ತಲೆ ಪೂರ್ವಕ್ಕೆ ಬರುವಂತೆ ಹಾಕಿದರೆ ಯಾರ ತಲೆಯೂ ಉತ್ತರಕ್ಕೆ ಬರುವುದಿಲ್ಲ, ಬದಲಾಯಿಸುವ ಗೊಡವೆಯೇ ಇರುವುದಿಲ್ಲ ಎಂದೆ. "ಜಾಗ ಸಾಕಾಗ್ಬೇಕಲ್ಲ? ಮಂಚ ಕಮ್ಮಿ ಆತದೆ. ಆಮೇಲೆ ಈಗ ತಿರುಗಿಸಿದ್ರೆ ಯಾಕೆ ತಿರುಗಿಸಿದ್ರಿ ಅಂತ ಕೇಳ್ತಾರೆ. ಚೌಡನ ಕಥೆ ಎದ್ದು ಕೂರ್ತದೆ. ನೀವು ಸುಮ್ನಿರಿ ಸಿಸ್ಟರ್."

ಸಂಜೆ ಇವರಿಗೆ ಎಲ್ಲವನ್ನೂ ಹೇಳಿದೆ, ಮೊದಲಿನಿಂದ. "ಕೆಲಸ ಹೋದ್ರೆ ಎಂತ ಮಾಡ್ವಾ?" ಎಂದರು. ಬೈದಿದ್ದರೆ ವಾಸಿಯಿತ್ತು. ಅದೇ ಪ್ರಶ್ನೆ ನನ್ನದೂ. ಚೌಡನ ಮನೆಯಲ್ಲಿ ಈ ಮಾತು ಹೇಳುವತನಕ ಮಂಚ ಜರುಗುವುದಿಲ್ಲ, ಹೇಳಿದ ದಿನ ನನ್ನ ಕೆಲಸ ಉಳಿಯುವುದಿಲ್ಲ.

ನವೆಂಬರ್ 30, ಭಾನುವಾರ

ಹೋಗಿಬಂದೆ.

ಸಂಜೆ ರಜೆಯಿತ್ತು. ಇವರು ಬೈಕಿನಲ್ಲಿ ಬಿಡುತ್ತೇನೆ ಎಂದರು, ಬೇಡವೆಂದೆ. ದಾರಿಯಲ್ಲಿ ಎರಡು ಸಲ ತಿರುಗಿ ಬರುವ ಮನಸ್ಸಾಯಿತು. ಚೌಡ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು ಬದನೆಯ ಪಾತಿಗಳನ್ನು ನೋಡುತ್ತಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ತಿಮ್ಮಿ ಚಾಪೆ ಹಾಸಿ, ಚಹಾ ಮಾಡುತ್ತೇನೆ ಎಂದು ಎದ್ದಳು. ಚಹಾ ಕುಡಿದರೆ ಹೇಳಲಾರೆ ಎನ್ನಿಸಿ ಅವಳ ಕೈ ಹಿಡಿದು ಕೂರಿಸಿದೆ.

ಎಲ್ಲವನ್ನೂ ಹೇಳಿದೆ. ಹಾರ್ಟ್ ಅಲ್ಲ, ಏನೂ ಅಲ್ಲ. ಮಂಚ ಬದಲಾದದ್ದನ್ನು ನೋಡಿಕೊಳ್ಳದೆ ಬೇರೆಯವರ ಇಂಜೆಕ್ಷನ್ ಅವನಿಗೆ ಕೊಟ್ಟೆವು. ಅದರಿಂದಲೇ ಹೀಗಾಯಿತು. ನಮಗೆ ಅವತ್ತೇ ಗೊತ್ತಿತ್ತು.

ಕೂಗಾಡುತ್ತಾಳೆ, ಅಕ್ಕಪಕ್ಕದವರನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆಯೇ.

"ಹಂಗಾರೆ ಉತ್ತರಕ್ಕೆ ತಲೆ ಹಾಕಿ ಮನಗ್ಸಿದ್ಕೆ ಅಲ್ಲ?"

ಅಲ್ಲ ಎಂದೆ.

"ನಾನೇ ಹೇಳಿದ್ದು ಬಾಯೋರೆ, ಅವ್ರಿಗೆ ಮಂಚ ಬಿಟ್ಕೊಡಿ ಅಂತ. ಅವ್ರು ದೊಡ್ಡೋರು, ನಾವ್ ಎಲ್ಲಿ ಮನಗಿದ್ರೆ ಎಂತ, ಎರಡ್ ಮೂರ್ ರಾತ್ರೆ ಅಲ್ವ, ಅಂತ. ಇವ್ರು ಬ್ಯಾಡ ಅಂದಿದ್ರು. ಇವತ್ತಿಗೂ ಮೈದುನನ ಹೆಂಡ್ತಿ ನನ್ ಕೈನೀರು ಕುಡೀದಿಲ್ಲ. ಗಂಡನ್ನ ಹೆಣದ ಹಂಗೆ ಮನಗ್ಸ್ದೋಳು ಅಂತಾಳೆ." ಧ್ವನಿ ಏರಲಿಲ್ಲ. "ಅವತ್ತ್ ಕಾಲ್ ಹಿಡ್ಕಂಡಿ ತಪ್ಪಾತು ತಪ್ಪಾತು ಅಂತ ಅತ್ತೆ. ನೀವ್ ಅಲ್ಲೇ ನಿಂತಿದ್ರಿ. ಗೊತ್ತಿದ್ದೂ ಎಂತಕ್ಕೆ ಹೇಳ್ಲಿಲ್ಲ?"

ಅವಳು ಅಳುತ್ತಿದ್ದಾಗ ಇನ್ನೂ ಗೊತ್ತಿರಲಿಲ್ಲ, ಅರ್ಧ ಗಂಟೆಯ ಮೇಲೆ ಗೊತ್ತಾಯಿತು ಎಂದು ಹೇಳಬಹುದಿತ್ತು. ಆ ಅರ್ಧ ಗಂಟೆಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ? ಹೆದರಿಕೆ ಆಯ್ತು ತಿಮ್ಮಿ, ಎಂದೆ.

"ನಂಗೂ ಆಗಿತ್ತು," ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಎದ್ದು ಗಂಡನ ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು ನಾನು ಹೇಳಿದ್ದನ್ನು ಹೇಳಿದಳು. ಅವನು ಎಡಗೈಯಿಂದ ಅವಳ ತಲೆ ಮುಟ್ಟಿದ. ಆಗ ಅವಳು ಅತ್ತಳು, ಒಳಗೊಳಗೇ, ಸೆರಗು ಕಚ್ಚಿಕೊಂಡು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಬದನೆ ಪಾತಿ ನೋಡಿದೆ.

ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ಬಂದು ಕೇಳಿದಳು.

"ಈಗ ಆ ಮಂಚದಲ್ಲಿ ಯಾರ್ ಮನಗೀರು?"

ಉತ್ತರದ ಸಾಲು ಇನ್ನೂ ಹಾಗೆಯೇ ಇದೆ ಎಂದು ಅವಳಿಗೆ ಹೇಳಬೇಕಾಯಿತು. ಯಾರು ಮಲಗಿದ್ದಾರೆ ಎಂದು ನನಗೆ ಗೊತ್ತಿಲ್ಲ ಎಂದೂ ಹೇಳಬೇಕಾಯಿತು. ಹಾಗೆ ಹೇಳುತ್ತಿದ್ದಂತೆಯೇ ಗಡಿಯಾರ ನೋಡಿದೆ. ಸಂಜೆಯ ಇನ್ಸುಲಿನ್ ಕೊಡುವ ಹೊತ್ತು ಅದು. ಅಂಗಳದಲ್ಲೇ ನಿಂತು ವಾರ್ಡಿಗೆ ಫೋನ್ ಮಾಡಿದೆ. ದೀಕ್ಷಾಳ ಜಾಗಕ್ಕೆ ಬಂದಿರುವ ಮಂಜು ಎತ್ತಿದ.

"ಏಳರಲ್ಲಿ ಯಾರಿದ್ದಾರೆ?"

"ಒಂದು ನಿಮಿಷ ಸಿಸ್ಟರ್, ಫೈಲು ನೋಡ್ತೆ."

"ಫೈಲು ಬೇಡ. ಮಂಚದ ಹತ್ತಿರ ಹೋಗು, ಅವರ ಹೆಸರು ಅವರನ್ನೇ ಕೇಳು. ನಾನು ಕಾಯ್ತೇನೆ."

ಅವನ ಚಪ್ಪಲಿಯ ಸದ್ದು ದೂರ ಹೋಯಿತು. ತಿಮ್ಮಿ ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಚಪ್ಪಲಿಯ ಸದ್ದು ಓಡುತ್ತ ಮರಳಿ ಬಂತು.

"ಸಿಸ್ಟರ್, ಇವರು ಬೇರೆಯವರು. ಶುಗರ್‌ನವರು ಎದುರು ಸಾಲಲ್ಲಿದ್ದಾರೆ. ನಾನು ಟ್ರೇ ತಗೊಂಡು ಹೊರಟಿದ್ದೆ."

ಡಿಸೆಂಬರ್ 1, ಸೋಮವಾರ

ಬೆಳಿಗ್ಗೆ ವಾರ್ಡಿಗೆ ಎಲ್ಲರನ್ನೂ ಕರೆದೆ. ಭಾಸ್ಕರ ಸರ್, ದಿವಾಕರ ಡಾಕ್ಟರು, ನಾಗು, ಮಂಜು. ಗಣಪನ ತೋಳಿನವರೆಗೆ ನನ್ನ ಸೂಜಿ ಹೋದದ್ದನ್ನು ಮೊದಲು ಹೇಳಿದೆ. ನಿನ್ನೆಯದನ್ನು ಮಂಜು ತಾನೇ ಹೇಳಿದ. ಚೌಡನ ಮನೆಯಲ್ಲಿ ಎಲ್ಲ ಹೇಳಿ ಬಂದಿದ್ದೇನೆ ಎಂದೆ.

ಭಾಸ್ಕರ ಸರ್ ಅವರ ಮುಖ ಕೆಂಪಾಯಿತು. "ಯಾರನ್ನ ಕೇಳಿ ಹೇಳಿದ್ರಿ? ನಿನ್ನೆ ಮಂಚ ಬದಲಾಯಿಸಿದ್ದು ಯಾರು? ಅದನ್ನ ಮೊದ್ಲು ಹೇಳಿ."

ನಾಗು ಹೇಳಿದ್ದರಿಂದ ನನಗೆ ಗೊತ್ತಿತ್ತು. ಹೇಳಲಿಲ್ಲ.

ದಿವಾಕರ ಡಾಕ್ಟರು ಕೆಮ್ಮಿದರು. "ಚೌಡನ ಶುಗರ್ ನಾನು ಮೊದಲೇ ನೋಡಿದ್ದರೆ ಅವನ ಕೈ ಉಳೀತಿತ್ತು," ಎಂದರು. ಯಾರಿಗೆ ಹೇಳಿದರೋ, ಗೋಡೆಗೇ ಹೇಳಿದಂತಿತ್ತು. ಆಮೇಲೆ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಖಾಲಿಯಿದ್ದ ಎಂಟನೇ ಮಂಚದ ಒಂದು ತುದಿ ಹಿಡಿದರು. ಇನ್ನೊಂದು ತುದಿಗೆ ನಾನು ಹೋದೆ. ಕಬ್ಬಿಣದ ಮಂಚ ನೆಲಕ್ಕೆ ಉಜ್ಜಿ ಆಸ್ಪತ್ರೆಯೆಲ್ಲ ಕೇಳುವಂತೆ ಕಿರುಚಿತು.

ನನ್ನ ಕೆಲಸದ ವಿಷಯ ನಾಳೆ ಟ್ರಸ್ಟಿನವರು ಹೇಳುತ್ತಾರಂತೆ. ದೀಕ್ಷಾಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಬೇಕು. ಮಧ್ಯಾಹ್ನದ ಹೊತ್ತಿಗೆ ಐದು ಮಂಚ ತಿರುಗಿಸಿದ್ದೆವು. ಆರನೆಯದರಲ್ಲಿ ಆ ಅಜ್ಜಿ ಮಲಗಿದ್ದಳು. ಎಬ್ಬಿಸಿ, ಹೆಸರು ಏನು ಅಜ್ಜಿ, ಎಂದು ಕೇಳಿದೆ. ಇಷ್ಟು ದಿನದಲ್ಲಿ ತನ್ನ ಹೆಸರು ಕೇಳಿದವರು ಇಲ್ಲಿ ಯಾರೂ ಇಲ್ಲ ಎಂದಳು.